ಹಳದಿಯಾದದ್ದು ಮೇಲಿನ ಎಲೆಯೋ, ಕೆಳಗಿನದೋ?

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಧರಣಿ ಕೂತರು. ಟನ್ನಿಗೆ 3,500 ರೂಪಾಯಿ ಬೇಕೆಂದರು. ಬಿಸಿ ಹತ್ತರಗಿ ಟೋಲ್ ನಾಕಾದವರೆಗೂ ಹಬ್ಬಿತು. ಕಡೆಗೆ ಸರ್ಕಾರ 3,300 ರೂಪಾಯಿ ಎಂದು ಘೋಷಿಸಿತು. ಅದು ಟನ್ನಿನ ಬೆಲೆಯ ಜಗಳ. ಟನ್ನೇ ಕಡಿಮೆಯಾಗುವ ಕಥೆ ಬೇರೆ. ಅದು ನಾಟಿ ಮಾಡಿದ ಮೊದಲ ಮೂರು-ನಾಲ್ಕು ತಿಂಗಳಲ್ಲಿ, ಕಬ್ಬು ಮರಿ ಹೊಡೆಯುವ ಹೊತ್ತಿನಲ್ಲಿ, ಎಲೆಯ ಮೇಲೆ ಸದ್ದಿಲ್ಲದೆ ಶುರುವಾಗುತ್ತದೆ.

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಕಬ್ಬು ಹೊಸದಲ್ಲ. ಧೂಪದಾಳದ ಒಡ್ಡು 1897ರಷ್ಟು ಹಳೆಯದು; 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಜಲಾಶಯ ಹತ್ತರಗಿಯಿಂದ ಬಹಳ ದೂರವಿಲ್ಲ. ಆದರೆ ಬೆಳೆಗಾರ ಹೊಸಬನಾಗಿರಬಹುದು. ಅಪ್ಪ ಜೋಳ, ಸೋಯಾ, ಮೆಣಸಿನಕಾಯಿ ತೆಗೆಯುತ್ತಿದ್ದ ಹೊಲಕ್ಕೆ ಪೈಪ್‌ಲೈನ್ ಬಂತು, ಮಗ ನರ್ಸರಿಯಿಂದ ಟ್ರೇಗಟ್ಟಲೆ ಸಸಿ ತಂದು ಹಚ್ಚಿದ. ಎರಡನೇ ತಿಂಗಳಿಗೆ ಎಲೆ ಹಳದಿ. ಗೊಬ್ಬರದಂಗಡಿಯಲ್ಲಿ ಸಿದ್ಧ ಉತ್ತರವಿದೆ: ‘ಯೂರಿಯಾ ಒಗೀರಿ, ಹಸರ ಆಗ್ತೈತಿ.’ 45 ಕಿಲೋ ಚೀಲ ಗಾಡಿ ಏರುತ್ತದೆ.

ಕೆಲವು ಹೊಲಗಳಲ್ಲಿ ಆ ಉತ್ತರ ಸರಿಯೇ. ತೊಂದರೆ ಏನೆಂದರೆ, ಪ್ರಶ್ನೆಯನ್ನೇ ಯಾರೂ ಕೇಳಿರುವುದಿಲ್ಲ. ಎಲೆ ಹಳದಿಯಾಗಿದೆ ಅಂದರೆ ಏನೂ ಹೇಳಿದಂತಾಗಲಿಲ್ಲ. ಹಳದಿಯಾದದ್ದು ಸುಳಿಯ ಎಲೆಯೋ, ಬುಡದ ಎಲೆಯೋ? ಅಂಗಡಿಗೆ ಹೋಗುವ ಮುನ್ನ ಇಷ್ಟನ್ನು ನೋಡಿಕೊಂಡರೆ ಅರ್ಧ ರೋಗ ಪತ್ತೆಯಾದಂತೆ.

ಸಾರಜನಕ ಗಿಡದೊಳಗೆ ಓಡಾಡುವ ಪೋಷಕಾಂಶ. ಕೊರತೆಯಾದಾಗ ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಬುಡದ ಎಲೆ ಮೊದಲು ಹಳದಿಯಾಗಿ ತುದಿಯಿಂದ ಒಣಗುತ್ತ ಬರುತ್ತದೆ, ಸುಳಿ ಹಸಿರಾಗಿಯೇ ಇರುತ್ತದೆ. ಪೊಟ್ಯಾಷ್ ಕೊರತೆಯೂ ಕೆಳಗಿನಿಂದಲೇ ಮೇಲೇರುತ್ತದೆ, ಆದರೆ ಅದು ಎಲೆಯ ಅಂಚನ್ನು ಸುಟ್ಟ ಹಾಗೆ ಮಾಡುತ್ತದೆ. ಕಬ್ಬಿಣ ಹಾಗಲ್ಲ. ಒಮ್ಮೆ ಒಂದು ಎಲೆ ಸೇರಿತೆಂದರೆ ಅಲ್ಲೇ ಠಿಕಾಣಿ. ಹೊಸ ಎಲೆ ಹಸಿದು ಸತ್ತರೂ ಹಳೆಯದು ಬಿಟ್ಟುಕೊಡದು. ಆದ್ದರಿಂದ ಕಬ್ಬಿಣದ ಕೊರತೆಯಲ್ಲಿ ಬುಡದ ಎಲೆ ಹಸಿರಾಗಿದ್ದು ಸುಳಿ ಬಿಳಚಿಕೊಳ್ಳುತ್ತದೆ. ನರಗಳು ಹಸಿರು, ನಡುವಿನ ಜಾಗ ಹಳದಿ, ಉದ್ದಕ್ಕೂ ಗೆರೆ ಎಳೆದಂತೆ. ವಿಪರೀತವಾದರೆ ಇಡೀ ಎಲೆ ಕಾಗದದಷ್ಟು ಬೆಳ್ಳಗೆ.

ನಮ್ಮ ಎರೆ ಹೊಲಗಳಲ್ಲಿ ಹೊಸಬರು ಎಡವುವುದು ಇಲ್ಲೇ. ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಬೇಕಾದ್ದಕ್ಕಿಂತ ಸಾವಿರ ಪಾಲು ಇದೆ. ಆದರೆ ಸುಣ್ಣ ತುಂಬಿದ, ರಸಸಾರ 8 ದಾಟಿದ ಮಣ್ಣಿನಲ್ಲಿ ಅದು ನೀರಿಗೆ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ. ಗಿಡ ಸೊರಗಿತೆಂದು ರೈತ ಮತ್ತೊಂದು ಸರದಿ ನೀರು ಬಿಡುತ್ತಾನೆ. ನೀರು ನಿಂತ ಮಣ್ಣಿನಲ್ಲಿ ಬೇರು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ಸುಣ್ಣದ ಜೊತೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ, ಇದ್ದಬದ್ದ ಕಬ್ಬಿಣದ ದಾರಿಯನ್ನೂ ಮುಚ್ಚುತ್ತದೆ. ಮೇಲೆ ಡಿಎಪಿ ಸುರಿದರೆ ರಂಜಕವೂ ಅದನ್ನು ಕಟ್ಟಿಹಾಕುತ್ತದೆ. ಖರ್ಚು ಮಾಡಿ ರೋಗ ಬೆಳೆಸುವುದೆಂದರೆ ಇದೇ.

ಅನುಮಾನವಿದ್ದರೆ ಪರೀಕ್ಷೆ ಸುಲಭ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅಂದರೆ ನಮ್ಮವರು ಅನ್ನಭೇದಿ ಎನ್ನುವ ಹರಳು, ಮೇಲೆ ಒಂದಿಷ್ಟು ನಿಂಬೆರಸ. ಬಿಳಚಿದ ಒಂದು ಎಲೆಯ ಅರ್ಧಕ್ಕೆ ಮಾತ್ರ ಇದನ್ನು ಬಟ್ಟೆಯಿಂದ ಸವರಿ ಗುರುತು ಮಾಡಿ ಬಿಡಬೇಕು. ವಾರದೊಳಗೆ ಸವರಿದ ಅರ್ಧ ಹಸಿರಾಗಿ, ಉಳಿದರ್ಧ ಹಾಗೇ ಇದ್ದರೆ ಕಬ್ಬಿಣದ ಕೊರತೆಯೇ, ಬೇರೆ ಮಾತಿಲ್ಲ. ಪ್ರಯೋಗಾಲಯದ ವರದಿಗಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ, ಏಕೆಂದರೆ ಇಲ್ಲಿ ಮಾತಾಡುವುದು ಗಿಡವೇ. ಮಣ್ಣಿನಲ್ಲಿ ಸುಣ್ಣ ಇದೆಯೇ ಎಂದು ನೋಡಲು ಒಣ ಹೆಂಟೆಯ ಮೇಲೆ ನಾಲ್ಕು ಹನಿ ದುರ್ಬಲ ಆಮ್ಲ ಸಾಕು, ಚುಂಯ್ ಎಂದು ನೊರೆ ಏಳುತ್ತದೆ.

ಖಾತ್ರಿಯಾದ ಮೇಲೆ ಅದೇ ದ್ರಾವಣವನ್ನು ಸಂಜೆ ಹೊತ್ತು ಸುಳಿಗೆ ಸಿಂಪಡಿಸುವುದು, ಹತ್ತು-ಹದಿನೈದು ದಿನಕ್ಕೆ ಮತ್ತೊಮ್ಮೆ. ಒಂದೇ ಸಲಕ್ಕೆ ಬಿಡಬಾರದು. ಆಮೇಲೆ ಬಂದ ಎಲೆಗೆ ಹಳೆಯ ಸಿಂಪಡಣೆ ತಲುಪಿರುವುದಿಲ್ಲ. ದ್ರಾವಣ ಇಟ್ಟು ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ, ಅದರಲ್ಲಿರುವುದು ತುಕ್ಕು. ಹರಳನ್ನು ಬರಿದೇ ಮಣ್ಣಿಗೆ ಎರಚುವುದೂ ದಂಡ, ಸುಣ್ಣ ಅದನ್ನು ಕೂಡಲೇ ಕಟ್ಟಿಹಾಕುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿಟ್ಟು ಸಾಲಿಗೆ ಕೊಟ್ಟರೆ ಸ್ವಲ್ಪವಾದರೂ ಬೇರಿಗೆ ಸಿಗುತ್ತದೆ.

ಈಗ ಒಂದು ಮೋಸದ ರೋಗ. ಬಿಳಿ ಎಲೆ ಕಂಡ ತಕ್ಷಣ ಕಬ್ಬಿಣ ಎಂದುಕೊಳ್ಳುವಂತಿಲ್ಲ. ಹುಲ್ಲುಕಬ್ಬಿನ ರೋಗದಲ್ಲೂ ಎಲೆ ಬೆಳ್ಳಗಾಗುತ್ತದೆ, ಆದರೆ ನರ ಹಸಿರಾಗಿ ಉಳಿಯುವುದಿಲ್ಲ. ಬುಡದಿಂದ ಹುಲ್ಲಿನ ಕಂತೆಯಂತೆ ಸಣಕಲು ಮರಿಗಳು ಏಳುತ್ತವೆ, ಒಂದೂ ಗಣಿಕೆಯಾಗುವುದಿಲ್ಲ. ಹೊಲದಲ್ಲಿ ಹರಡಿರುವ ರೀತಿಯೂ ಬೇರೆ: ಕಬ್ಬಿಣದ ಕೊರತೆ ಸುಣ್ಣದ ತೇಪೆ ಇದ್ದಲ್ಲಿ ಪಟ್ಟಿಪಟ್ಟಿಯಾಗಿ ಕಾಣುತ್ತದೆ, ಹುಲ್ಲುಕಬ್ಬು ಹಸಿರು ಬುಡದ ಪಕ್ಕದಲ್ಲೇ ಒಂಟಿಯಾಗಿ ನಿಂತಿರುತ್ತದೆ. ಇದಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ಬರುವುದು ಬಹುಮಟ್ಟಿಗೆ ಬೀಜದ ತುಂಡಿನಿಂದ. ಔಷಧಿ ಇಲ್ಲ, ಬುಡಸಮೇತ ಕಿತ್ತು ಸುಡಬೇಕು. ಬೀಜವನ್ನು 50 ಡಿಗ್ರಿ ಬಿಸಿನೀರಿನಲ್ಲಿ ಎರಡು ತಾಸು ಇಟ್ಟು ನಾಟಿ ಮಾಡುವ ಪದ್ಧತಿ ಇದೆ. ಒಬ್ಬೊಬ್ಬ ರೈತನ ಕೈಲಾಗುವ ಕೆಲಸವಲ್ಲ, ನರ್ಸರಿಯವರನ್ನು ಕೇಳಿ ತರಬೇಕಾದದ್ದು.

ಮಳೆಗಾಲದ ಹಳದಿಯ ಲೆಕ್ಕವೇ ಬೇರೆ. ಜುಲೈ ಕಳೆದ ಮೇಲೆ ಇಡೀ ಬುಡ ಹಳದಿಯಾಗಿ ಬಾಡಿದರೆ ಎಲೆ ನೋಡುವುದನ್ನು ಬಿಟ್ಟು ಕಬ್ಬು ಹಿಡಿದು ಜಗ್ಗಿ. ಸರಾಗವಾಗಿ ಕಿತ್ತು ಬಂದರೆ ಕೆಳಗೆ ಗೊಣ್ಣೆಹುಳು ಬೇರು ತಿಂದು ಮುಗಿಸಿದೆ. ಅದರ ದುಂಬಿಗಳು ಮೊದಲ ಮಳೆಗೆ ಮಣ್ಣಿನಿಂದೆದ್ದು ಮುಸ್ಸಂಜೆ ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಆಗ ಊರವರೆಲ್ಲ ಕೂಡಿ ಟೊಂಗೆ ಅಲುಗಿಸಿ ಆರಿಸಿ ಕೊಂದರೆ ಉಂಟು, ಒಬ್ಬನೇ ಮಾಡಿದರೆ ಪಕ್ಕದ ಹೊಲದವು ಬರುತ್ತವೆ. ಜಗ್ಗಿದರೂ ಬರದೆ, ಅಗೆದು ನೋಡಿದಾಗ ಬೇರು ಕಪ್ಪಾಗಿ ನಾರುತ್ತಿದ್ದರೆ ಹೊಲ ಜವಳಾಗುತ್ತಿದೆ. ಅದಕ್ಕೆ ಬೇಕಾದದ್ದು ಬಸಿಗಾಲುವೆ, ಗೊಬ್ಬರವಲ್ಲ.

ಹೆಚ್ಚಿನದನ್ನು ಕೇಳಲು ದೂರ ಹೋಗಬೇಕಿಲ್ಲ. ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೋಗುವಾಗ ಮೊಬೈಲ್ ಫೋಟೊ ಸಾಲದು. ಬೇರಿಗೆ ಮಣ್ಣು ಅಂಟಿದ ಒಂದು ಇಡೀ ಬುಡ, ಪಕ್ಕದ ಚೆನ್ನಾಗಿರುವ ಇನ್ನೊಂದು ಬುಡ, ಎರಡನ್ನೂ ಒಯ್ಯಬೇಕು.

ಮೊದಲ ವರ್ಷ ದಾಟಿದವನಿಗೆ ಎರಡನೇ ವರ್ಷ ಕೂಳೆಯಲ್ಲಿ ಮತ್ತೆ ಇದೇ ಗಾಬರಿ. ಕೂಳೆಯ ಬೇರು ಹಳೆಯದು, ಮಣ್ಣು ಬಿಗಿದಿರುತ್ತದೆ, ಕಬ್ಬಿಣದ ಕೊರತೆ ನಾಟಿ ಕಬ್ಬಿಗಿಂತ ಜೋರಾಗಿ ಕಾಣುತ್ತದೆ. ಜೊತೆಗೆ ರವದಿ ಮುಚ್ಚಿದ ಹೊಲವಾದರೆ ಅದನ್ನು ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನು ಕೆಲಕಾಲ ತಾವೇ ಬಳಸಿಕೊಳ್ಳುತ್ತವೆ, ಬುಡದ ಎಲೆಯೂ ಹಳದಿ. ‘ರವದಿ ಬಿಟ್ಟಿದ್ದಕ್ಕೇ ಹಿಂಗಾತು’ ಎಂದು ಮರುವರ್ಷ ಬೆಂಕಿ ಹಚ್ಚುವವರಿದ್ದಾರೆ. ರವದಿಯ ಮೇಲೆ ಸ್ವಲ್ಪ ಯೂರಿಯಾ ಎರಚಿ ನೀರು ಕೊಟ್ಟರೆ ಆ ಹಳದಿ ಹೋಗುತ್ತದೆ. ಅಂಗಡಿಯವನ ಸಲಹೆ ಅಲ್ಲಿ ಪೂರ್ತಿ ಸರಿ.