ನಿಮಗಿದು ಗೊತ್ತೆ? ಮಣ್ಣಲ್ಲಿ ಕರಗದ ‘ಕಾಂಪೋಸ್ಟಬಲ್’ ಚೀಲ

‘ಕಾಂಪೋಸ್ಟಬಲ್’ (ಗೊಬ್ಬರವಾಗಬಲ್ಲ) ಎಂದು ಅಚ್ಚಾದ, ಪಿಎಲ್ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ಕಿನ ಲೋಟವನ್ನು ಹಿತ್ತಲ ಗೊಬ್ಬರದ ಗುಂಡಿಗೆ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಅದು ಕೊಳೆಯಲು ವಾರಗಟ್ಟಲೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅಷ್ಟು ಕಾವು ಸಾಮಾನ್ಯವಾಗಿ ಸಿಗುವುದು ದೊಡ್ಡ ಗೊಬ್ಬರ ಘಟಕಗಳಲ್ಲಿ.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಕಾಂಪೋಸ್ಟಬಲ್ ಚೀಲವನ್ನು ಮಣ್ಣಲ್ಲಿ ಹೂತು ನೋಡಿದರು. 27 ತಿಂಗಳಾದರೂ ಚೀಲ ಅಲ್ಲೇ ಇತ್ತು. ಸಾಮಾನು ತುಂಬಿದಾಗ ಹರಿಯಿತು, ಅಷ್ಟೆ. ಸಮುದ್ರಕ್ಕೆ ಇಳಿಬಿಟ್ಟದ್ದು ಮಾತ್ರ 3 ತಿಂಗಳೊಳಗೆ ಮಾಯ! ‘ಬಯೋಡಿಗ್ರೇಡಬಲ್’ ಹಣೆಪಟ್ಟಿಯ ಚೀಲದ ಕಥೆ ಇನ್ನೂ ಸೊಗಸು: 3 ವರ್ಷ ಮಣ್ಣಲ್ಲಿದ್ದು ಬಂದರೂ ಸಂತೆ ಸಾಮಾನು ಹೊರುವಷ್ಟು ಗಟ್ಟಿ. ಈ ಅಧ್ಯಯನ ಪ್ರಕಟವಾದದ್ದು 2019ರಲ್ಲಿ.

ನಗರಗಳ ಹಸಿ ಕಸ ಗೊಬ್ಬರವಾದರೆ ಲಾಭ ನಿಜ, ಕಸದ ಗುಡ್ಡೆಯಿಂದೇಳುವ ಮೀಥೇನ್ ತಗ್ಗುತ್ತದೆ. ಆದರೆ ಗೊಬ್ಬರ ಘಟಕಕ್ಕೆ ಬಂದ ಕಾಂಪೋಸ್ಟಬಲ್ ಚೀಲವನ್ನು ಮಾಮೂಲಿ ಪ್ಲಾಸ್ಟಿಕ್ಕಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಎಷ್ಟೋ ಕಡೆ ಎರಡನ್ನೂ ಒಟ್ಟಿಗೇ ಹೆಕ್ಕಿ ಹೊರಹಾಕುತ್ತಾರೆ.