ಪಠ್ಯಪುಸ್ತಕದ ಆಚೆಗಿನ ಕನ್ನಡ

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮರುದಿನ ನಮ್ಮ ಮನೆಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಪಠ್ಯಪುಸ್ತಕಗಳನ್ನು ಕಟ್ಟು ಕಟ್ಟಿ ಪಕ್ಕದ ಮನೆಯ ಹುಡುಗನಿಗೆ ಕೊಡುತ್ತೇವೆ, ಇಲ್ಲವೆ ರದ್ದಿಯವನಿಗೆ ಹಾಕುತ್ತೇವೆ. ಆಮೇಲೆ ಮನೆಯಲ್ಲಿ ಉಳಿಯುವ ಕನ್ನಡ ಅಕ್ಷರಗಳೆಷ್ಟು? ಗೋಡೆಯ ಮೇಲಿನ ಕ್ಯಾಲೆಂಡರು, ದೇವರ ಕೋಣೆಯ ಪಂಚಾಂಗ, ರಾಯರ ಸ್ತೋತ್ರದ ಕಿರುಹೊತ್ತಿಗೆ. ಹೊಳಗುಂದದ ಕಡೆಯ ತಾಯಿಯೊಬ್ಬರು ಇತ್ತೀಚೆಗೆ ಕೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: "ನನ್ನ ಮಗಳು ಓದ್ತಾಳ್ರೀ ಸರ್, ಆದ್ರ ಓದಾಕ ಮನ್ಯಾಗ ಏನೈತಿ?"

ಹತ್ತರ ನಂತರ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿ ತೆಲುಗಿಗೋ ಇಂಗ್ಲಿಷಿಗೋ ಹೊರಳುತ್ತಾರೆ. ಅದುವರೆಗೆ ಕನ್ನಡವು ಅವರಿಗೆ ಅಂಕದ ಭಾಷೆ ಮಾತ್ರ ಆಗಿದ್ದರೆ, ಅಂಕ ಮುಗಿದೊಡನೆ ಭಾಷೆಯೂ ಮುಗಿಯುತ್ತದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಬಳ್ಳಾರಿ ನಗರ ಮೈಸೂರಿಗೆ ಹೋಯಿತು. ಶಾಲೆ ನಮ್ಮಲ್ಲಿ ಉಳಿಯಿತು, ಪುಸ್ತಕದಂಗಡಿ ಗಡಿಯಾಚೆಗೆ ಹೋಯಿತು. ನಮ್ಮ ಕೊರತೆಯ ಮೂಲ ಅಲ್ಲಿದೆ ಎಂದು ನನಗೆ ತೋರುತ್ತದೆ.

ಆದರೆ ನಮ್ಮ ನೆಲದ ಕಥೆ ಕನ್ನಡದಲ್ಲಿ ಬರೆಯಲ್ಪಟ್ಟಿಲ್ಲವೆಂದು ಯಾರೂ ತಿಳಿಯಬಾರದು. ಕುಂ. ವೀರಭದ್ರಪ್ಪನವರು ಹುಟ್ಟಿದ್ದು ಕೊಟ್ಟೂರಿನಲ್ಲಿ, 1953ರಲ್ಲಿಯೇ. ಹೊಟ್ಟೆಪಾಡಿಗೆ ಮೇಷ್ಟ್ರಾಗಿ ದಶಕಗಳ ಕಾಲ ದುಡಿದದ್ದು ಆಂಧ್ರದ ಹಳ್ಳಿಗಳಲ್ಲಿ. ಅವರ ಬರಹದೊಳಗಿನ ಬಿಸಿಲು, ಬರ, ಊರಗೌಡರ ದರ್ಪ, ತೆಲುಗು ಬೆರೆತ ಕನ್ನಡದ ಮಾತು, ಇವೆಲ್ಲ ನಮಗೆ ಪರಿಚಿತವೇ. 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆದರೆ ಅದರಿಂದ ಆರಂಭಿಸಬೇಡಿ. ಅದರ ಭಾಷೆ ದಟ್ಟವಾದದ್ದು, ಎಳೆಯ ಓದುಗರನ್ನು ದಣಿಸೀತು. ಅವರ ಆತ್ಮಕಥೆ 'ಗಾಂಧಿ ಕ್ಲಾಸು' ಮೊದಲಾಗಲಿ. ಅಲ್ಲಿಂದ 'ಕೊಟ್ರೇಶಿ ಕನಸು' ಕಥೆಗೆ ಹೋಗಬಹುದು. ಓದಬೇಕೆಂಬ ಬಡ ಹುಡುಗನೊಬ್ಬನ ಹಂಬಲದ ಕಥೆಯದು. 1994ರಲ್ಲಿ ನಾಗತಿಹಳ್ಳಿ ಚಂದ್ರಶೇಖರ ಅವರು ಅದನ್ನು ಚಲನಚಿತ್ರವಾಗಿಸಿದರು. ಅಪ್ಪ ಅಮ್ಮ ಚಿತ್ರ ನೋಡಲಿ, ಮಗ ಕಥೆ ಓದಲಿ. ಊಟದ ಹೊತ್ತಿಗೆ ಮಾತಿಗೆ ವಿಷಯ ಸಿಕ್ಕಂತಾಯಿತು.

ಇನ್ನೊಬ್ಬರು ಸಂಡೂರಿನ ವಸುಧೇಂದ್ರ. ಸಾಫ್ಟ್‌ವೇರ್ ಕೆಲಸ ಬಿಟ್ಟು ಬರವಣಿಗೆಗೆ ನಿಂತವರು. ತಮ್ಮ ಪುಸ್ತಕಗಳನ್ನು ಬರೆದದ್ದಷ್ಟೇ ಅಲ್ಲ, 'ಛಂದ ಪುಸ್ತಕ' ಎಂಬ ಪ್ರಕಾಶನ ನಡೆಸಿ, ಒಂದೂ ಪುಸ್ತಕ ಅಚ್ಚಾಗದ ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಸ್ಪರ್ಧೆಯ ಮೂಲಕ ಆಯ್ದು ಪ್ರಕಟಿಸುತ್ತ ಬಂದಿದ್ದಾರೆ. ಹೊಸ ಬರಹಗಾರರನ್ನು ಹುಡುಕುವವರು ಹೀಗೆ ಪ್ರಕಾಶಕರ ಹೆಸರನ್ನು ಗುರುತಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಪುಸ್ತಕ ಹಿಡಿಸಿದರೆ ಅದೇ ಕೈಯಿಂದ ಬಂದ ಮತ್ತೊಂದೂ ಹಿಡಿಸುವ ಸಂಭವ ಹೆಚ್ಚು. ಅವರ 'ನಮ್ಮಮ್ಮ ಅಂದ್ರೆ ನಂಗಿಷ್ಟ' ಪ್ರಬಂಧ ಸಂಕಲನವನ್ನು ಎಂಟನೆಯ ತರಗತಿಯ ಮಗುವೂ ಓದಬಲ್ಲದು, ಅದರ ತಾಯಿಯೂ ಓದಬಲ್ಲಳು. 2019ರ 'ತೇಜೋ-ತುಂಗಭದ್ರಾ' ದೊಡ್ಡ ಕಾದಂಬರಿ. ಪೋರ್ಚುಗಲ್ಲಿನ ಲಿಸ್ಬನ್ ನಗರದ ತೇಜೋ ನದಿಯಿಂದ ವಿಜಯನಗರದ ತುಂಗಭದ್ರೆಯವರೆಗೆ ಅದು ಹರಿಯುತ್ತದೆ. ಮಂತ್ರಾಲಯದಲ್ಲಿ ನಾವು ಮೀಯುವ ಹೊಳೆಯೇ ಅದು. ಹಿಂಸೆಯ ಚಿತ್ರಗಳಿರುವುದರಿಂದ ಕಾಲೇಜು ಮಕ್ಕಳಿಗೆ ತಕ್ಕುದು.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳು, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದೋನಿಯ ಓದುಗರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮನೆಯಲ್ಲಿ ಉರ್ದು ಮಾತಾಡಿ, ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡದಲ್ಲಿಯೇ ಬರೆದವರು ಅವರು. ಮನೆಯದೊಂದು, ಬೀದಿಯದೊಂದು, ಶಾಲೆಯದೊಂದು ಭಾಷೆ ಎಂದು ನಾವು ಗೊಣಗುವಾಗ ನೆನೆಯಬೇಕಾದ ಹೆಸರದು.

ಇನ್ನು ಹಾಡಿನ ಮಾತು. ಬಸ್ಸಿನಲ್ಲಿ, ಮದುವೆಯಲ್ಲಿ, ಗಣಪತಿಯ ಪೆಂಡಾಲಿನಲ್ಲಿ ನಮ್ಮ ಕಿವಿಗೆ ಬೀಳುವುದು ಸಿನಿಮಾ ಹಾಡು; ಅದೂ ಹೆಚ್ಚಾಗಿ ತೆಲುಗಿನದು. ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಸಿನಿಮಾದ ಹಂಗಿಲ್ಲದೆ ಹಾಡು ಕಟ್ಟಿ ಊರೂರು ನಡೆಯುವುದು ಈ ಸೀಮೆಗೆ ಹೊಸದಲ್ಲ. ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಕೊನೆಗಾಲ ಕಳೆದದ್ದು ನಮ್ಮದೇ ಚಿಪ್ಪಗಿರಿಯಲ್ಲಿ. 1755ರಲ್ಲಿ ಅಲ್ಲಿಯೇ ತೀರಿಕೊಂಡರು. ಪ್ರತಿ ಕಾರ್ತಿಕ ಶುದ್ಧ ದಶಮಿಯಂದು ಆರಾಧನೆ ನಡೆಯುತ್ತದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದವರು ನಮಸ್ಕಾರ ಮಾಡಿಸಿ ಹಿಂದಿರುಗುವುದಕ್ಕಿಂತ, ಒಂದು ಗಂಟೆ ಕುಳ್ಳಿರಿಸಿ ಹಾಡು ಕೇಳಿಸಬಾರದೇಕೆ?

ನಮ್ಮ ಕಾಲಕ್ಕೆ ಬಂದರೆ, ನಿಸಾರ್ ಅಹಮದ್ ಅವರ ಕವಿತೆಗಳನ್ನು ಮೈಸೂರು ಅನಂತಸ್ವಾಮಿಯವರು ಹಾಡಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದು ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿತು. ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ಸಿ. ಅಶ್ವತ್ಥ್ ಅವರ ಕಂಠ ನಾಡಿಗೆಲ್ಲ ಹಂಚಿತು. ಅದೇ ಶರೀಫರನ್ನು ರಘು ದೀಕ್ಷಿತ್ ಅವರು ಗಿಟಾರು, ಡ್ರಮ್ಮುಗಳೊಡನೆ ಹಾಡಿ ಹೊರದೇಶಗಳ ವೇದಿಕೆಗೂ ಒಯ್ದರು. ಅವರ ಮೊದಲ ಆಲ್ಬಮ್ 2008ರದು. ಬೆಂಗಳೂರಿನ 'ಸ್ವರಾತ್ಮ' ತಂಡವೂ ಜಾನಪದದ ಮಟ್ಟುಗಳನ್ನು ಹೀಗೆಯೇ ಬಳಸಿಕೊಂಡಿದೆ. ಹಿರಿಯರಿಗೆ ಇದು ಗದ್ದಲವೆನಿಸಬಹುದು. ನನಗೂ ಮೊದಲು ಹಾಗೆಯೇ ಎನಿಸಿತ್ತು. ಅಶ್ವತ್ಥರದನ್ನೂ ರಘು ಅವರದನ್ನೂ ಒಂದರ ಹಿಂದೊಂದು ಕೇಳಿದ ಮೇಲೆ ಪದ ಒಂದೇ, ಬಟ್ಟೆ ಬೇರೆ ಎಂದು ಹೊಳೆಯಿತು.

ಹುಡುಕುವ ಬಗೆ ಹೇಗೆಂದು ಕೇಳುವಿರಿ. ಮೊಬೈಲಿನ ಯೂಟ್ಯೂಬ್ ನೀವು ಹಿಂದೆ ನೋಡಿದ್ದನ್ನೇ ಹೋಲುವ ಮತ್ತಷ್ಟನ್ನು ಮುಂದಿಡುತ್ತದೆ. ತೆಲುಗು ಹಾಡು ಕೇಳಿದವರಿಗೆ ತೆಲುಗನ್ನೇ ಬಡಿಸುವುದು ಅದರ ಸ್ವಭಾವ. ಆದ್ದರಿಂದ ಕವಿಯ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು ಹುಡುಕಿ. ಕೆಲವು ದಿನಗಳಲ್ಲಿ ಅದರ ರುಚಿಯೂ ಬದಲಾಗುತ್ತದೆ. ಹಾಡು ಹಿಡಿಸಿದರೆ ಬರೆದವರಾರು ಎಂದು ನೋಡಿ, ಅವರ ಪುಸ್ತಕ ಕೇಳಿ. ಚಿಕ್ಕ ಮಕ್ಕಳಿಗೆ ಪ್ರಥಮ್ ಬುಕ್ಸ್ ಸಂಸ್ಥೆಯ 'ಸ್ಟೋರಿವೀವರ್' ತಾಣದಲ್ಲಿ ಸಚಿತ್ರ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಶಾಲೆಯವರು ಮುದ್ರಿಸಿಕೊಳ್ಳಲೂ ಅಡ್ಡಿಯಿಲ್ಲ. ದೊಡ್ಡವರಿಗೆ 'ಮೈಲ್ಯಾಂಗ್' ಆ್ಯಪಿನಲ್ಲಿ ಇ-ಪುಸ್ತಕ, ಆಡಿಯೋ ಪುಸ್ತಕಗಳಿವೆ. ಅಚ್ಚಿನ ಪುಸ್ತಕವೇ ಬೇಕೆಂಬವರು ನವೆಂಬರಿಗಾಗಿ ಕಾಯಬಹುದು. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳು ರಿಯಾಯಿತಿಯಲ್ಲಿ ದೊರೆಯುತ್ತವೆ.

ದುಡ್ಡಿನ ಮಾತನ್ನೂ ಆಡಲೇಬೇಕು. ಹತ್ತಿ ಬಿಡಿಸಿದ ಕೂಲಿಯಲ್ಲಿ ಮನೆ ನಡೆಸುವವರಿಗೆ ಕಾದಂಬರಿ ಕೊಳ್ಳಿರೆಂದು ಹೇಳುವುದು ಸುಲಭ. ಒಂದೇ ಓಣಿಯ ನಾಲ್ಕು ಮನೆಯವರು ಸೇರಿ ಒಂದು ಪುಸ್ತಕ ತಂದರೆ ಹೊರೆ ಕಾಲುಭಾಗವಾಗುತ್ತದೆ. ಹೇಗೂ ಆಸ್ಪತ್ರೆಗೋ ಸಂತೆಗೋ ಬಳ್ಳಾರಿಗೆ ಹೋಗುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಕೈಗೆ ಚೀಟಿ ಕೊಡಿ. ಹೊಳಗುಂದದ ಆ ತಾಯಿಗೆ ನಾನು ಬರೆದುಕೊಟ್ಟ ಚೀಟಿಯಲ್ಲಿ ಎರಡೇ ಹೆಸರುಗಳಿದ್ದವು: 'ಗಾಂಧಿ ಕ್ಲಾಸು', 'ನಮ್ಮಮ್ಮ ಅಂದ್ರೆ ನಂಗಿಷ್ಟ'. ಎರಡನೆಯದು ಸಿಕ್ಕಿತಂತೆ. ಮಗಳಿಗಿಂತ ಮೊದಲು ತಾವೇ ಓದಿ ಮುಗಿಸಿದರಂತೆ.