ಪಾವಗಡದ ಬಿಸಿಲಿಗೆ ಹಿಡಿದ ಗ್ರಹಣ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಸೀಮೆಗೆ ಮಳೆ ಕೈಕೊಡುವುದು ಹೊಸತಲ್ಲ; ಬಿಸಿಲು ಮಾತ್ರ ಎಂದೂ ಕೈಬಿಟ್ಟಿಲ್ಲ. ನೆರೆಯ ಪಾವಗಡದ ರೈತರ ಜಮೀನು ಗುತ್ತಿಗೆಗೆ ಹೋದದ್ದೂ ಈ ಬಿಸಿಲಿನಿಂದಲೇ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಪ್ಯಾನಲ್‌ಗಳದೇ ಸಾಲು. 2,050 ಮೆಗಾವಾಟ್‌ನ ಈ ಪಾರ್ಕ್ ಪೂರ್ಣ ಸಾಮರ್ಥ್ಯ ಮುಟ್ಟಿದ್ದು 2019ರ ಡಿಸೆಂಬರ್‌ನಲ್ಲಿ. ಅದೇ ತಿಂಗಳ 26ರ ಗುರುವಾರ, ಮಾರ್ಗಶಿರ ಅಮಾವಾಸ್ಯೆಯಂದು, ಸೂರ್ಯಗ್ರಹಣ! ಶನಿಮಹಾತ್ಮನ ಕ್ಷೇತ್ರವಾದ ಪಾವಗಡದಲ್ಲಿ ಶನಿಯ ಅಪ್ಪನಿಗೇ ಕಾಟ ಎಂದು ನಗಬಹುದಿತ್ತು. ಗ್ರಿಡ್ ನೋಡಿಕೊಳ್ಳುವವರಿಗೆ ಮಾತ್ರ ನಗುವ ಹೊತ್ತಲ್ಲ.

ಪಂಚಾಂಗದ ಮಾತಿನಲ್ಲಿ ಹೇಳುವುದಾದರೆ ಅದು ಕಂಕಣ ಸೂರ್ಯಗ್ರಹಣ, ಕೇತುಗ್ರಸ್ತ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು ಐದು ಡಿಗ್ರಿ ಓರೆ. ಎರಡೂ ದಾರಿ ಕೂಡುವ ಎರಡು ಬಿಂದುಗಳೇ ರಾಹು, ಕೇತು. ಅಮಾವಾಸ್ಯೆ ಆ ಬಿಂದುಗಳ ಹತ್ತಿರ ಬಿದ್ದರಷ್ಟೇ ಗ್ರಹಣ. ಚಂದ್ರಬಿಂಬ ಅಂದು ಕೊಂಚ ಚಿಕ್ಕದಿತ್ತು, ಹಾಗಾಗಿ ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಅಂಚು ಬಳೆಯಾಗಿ ಉಳಿಯಿತು. ಬಳೆ ಕಂಡದ್ದು ಮಂಗಳೂರು, ಕೊಡಗು, ಕಾಸರಗೋಡಿನ ಕಡೆಯವರಿಗೆ. ನಮ್ಮ ಬಯಲುಸೀಮೆಗೆ ಸಿಕ್ಕಿದ್ದು ಖಂಡಗ್ರಾಸ: ಎಂಟು ದಾಟುತ್ತಲೇ ಸ್ಪರ್ಶ, ಒಂಬತ್ತೂವರೆಯ ಸುಮಾರಿಗೆ ಮಧ್ಯ, ಹನ್ನೊಂದು ದಾಟಿ ಮೋಕ್ಷ. ಸ್ಪರ್ಶದಿಂದ ಮೋಕ್ಷದವರೆಗಿನದು ಪರ್ವಕಾಲ. ಖಗ್ರಾಸವಾದರೆ ನಡುವೆ ಇನ್ನೆರಡು ಘಟ್ಟ, ಸೂರ್ಯ ಪೂರ್ತಿ ಮುಚ್ಚುವ ನಿಮೀಲನ ಮತ್ತು ಕಣ್ತೆರೆಯುವ ಉನ್ಮೀಲನ.

ಇಲ್ಲೊಂದು ಸೂಕ್ಷ್ಮವಿದೆ. ಗ್ರಾಸದ ಪ್ರಮಾಣವನ್ನು ಸಾಮಾನ್ಯವಾಗಿ ಹೇಳುವುದು ಸೂರ್ಯಬಿಂಬದ ವ್ಯಾಸದಲ್ಲಿ. ಅರ್ಧ ವ್ಯಾಸ ಮುಚ್ಚಿದರೆ ಅರ್ಧ ಬಿಸಿಲು ಹೋಯಿತೆಂದಲ್ಲ. ಮುಚ್ಚಿದ ವಿಸ್ತೀರ್ಣ ಸುಮಾರು 39% ಮಾತ್ರ. ಪ್ಯಾನಲ್‌ಗೆ ಬೇಕಾದದ್ದು ವಿಸ್ತೀರ್ಣದ ಲೆಕ್ಕ. ಅಂದು ಬೆಂಗಳೂರಿನಲ್ಲಿ ಸುಮಾರು 90% ಮುಚ್ಚಿತ್ತು, ಪಾವಗಡದ ಕಡೆ ಅದಕ್ಕಿಂತ ತುಸು ಕಡಿಮೆ. ಬೆಳಗ್ಗೆ ಏರಬೇಕಾದ ಉತ್ಪಾದನೆ ಮೊದಲು ಕುಸಿಯುತ್ತದೆ. ಮೋಕ್ಷದ ಹೊತ್ತಿಗೆ ಸೂರ್ಯ ಮೇಲೇರಿರುವುದರಿಂದ ಇನ್ನಷ್ಟು ರಭಸದಿಂದ ನುಗ್ಗಿ ಬರುತ್ತದೆ. ಈ ಏರಿಳಿತಕ್ಕೆ ಬೇಗ ಹೊಂದಿಕೊಳ್ಳಬಲ್ಲದ್ದು ಜಲವಿದ್ಯುತ್. ರಾಷ್ಟ್ರೀಯ ಗ್ರಿಡ್‌ನ ಹೊಣೆ ಹೊತ್ತಿದ್ದ ಪೊಸೊಕೊ ಸಂಸ್ಥೆ ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿಟ್ಟಿತ್ತು. ಹಿತ್ತಲಲ್ಲಿ ತಟ್ಟೆಯ ನೀರಿನೊಳಗೆ ಒನಕೆ ನಿಲ್ಲಿಸಿ, ಅದು ನಿಂತಷ್ಟು ಹೊತ್ತೂ ಗ್ರಹಣವೆಂದು ಅಳೆಯುವವರೂ ಅಂದು ಇದ್ದರೆನ್ನಿ. ಬುಡ ಸಮವಾಗಿದ್ದರೆ ಒನಕೆ ಯಾವ ದಿನವಾದರೂ ನಿಲ್ಲುತ್ತದೆ. ಹಾಗೆಂದು ಅಜ್ಜಿಯರ ಮುಂದೆ ಹೇಳುವ ಧೈರ್ಯ ಬೇಕಷ್ಟೆ.

ಕನ್ನಡ ನೆಲದಲ್ಲಿ ಗ್ರಹಣ ಲೆಕ್ಕಕ್ಕೆ ಬಂದದ್ದು ಅದೇ ಮೊದಲಲ್ಲ. 1868ರ ಆಗಸ್ಟ್ 18ರ ಖಗ್ರಾಸದಲ್ಲಿ ಜಮಖಂಡಿಯಿಂದ ರೋಹಿತದರ್ಶಕ ಹಿಡಿದು ಮೋಡದ ಸಂದಿಯಲ್ಲಿ ನೋಡಿದ ಲೆಫ್ಟಿನೆಂಟ್ ಜಾನ್ ಹರ್ಷೆಲ್‌ಗೆ ಸೂರ್ಯನಂಚಿನ ಜ್ವಾಲೆಗಳಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಜ್ವಾಲೆಗಳು ಅನಿಲದವು ಎಂಬುದಕ್ಕೆ ಅದು ಸಾಕ್ಷಿ. ಆ ಕಿತ್ತಳೆ ಗೆರೆ ಹೀಲಿಯಂನದು ಎಂದು ತಿಳಿದದ್ದು ಆಮೇಲೆ. 1980ರ ಫೆಬ್ರವರಿ 16ರ ಖಗ್ರಾಸ ಅಂಕೋಲಾ, ರಾಯಚೂರು ಸೀಮೆಗಳ ಮೇಲೆ ಹಾದಾಗ ಭಾರತೀಯ ಖಭೌತ ಸಂಸ್ಥೆಯವರು ಸಿಂಧನೂರು ಬಳಿಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು.

ಗ್ರಿಡ್‌ಗೆ ಮುಂದಿನ ನಿಜವಾದ ಪರೀಕ್ಷೆ 2031ರ ಮೇ 21ರ ಗ್ರಹಣ. ಕಂಕಣದ ದಾರಿ ಕೇರಳ, ತಮಿಳುನಾಡಿನ ಮೇಲಿದೆ. ಪಾವಗಡಕ್ಕೆ ಮತ್ತೆ ಖಂಡಗ್ರಾಸವೇ. ಆದರೆ ಈ ಸಲ ನಡುಮಧ್ಯಾಹ್ನ. ಪ್ಯಾನಲ್‌ಗಳು ಭರ್ತಿ ದುಡಿಯುವ ಹೊತ್ತು, ಮನೆಮನೆಯಲ್ಲಿ ಫ್ಯಾನು ತಿರುಗುವ ಕಾಲ. ಮುಂಗಾರು ಇನ್ನೂ ಬಂದಿರುವುದಿಲ್ಲ, ನೆರವಿಗೆ ಬರಬೇಕಾದ ಲಿಂಗನಮಕ್ಕಿಯಂಥ ಜಲಾಶಯಗಳಲ್ಲಿ ನೀರು ಇಳಿದಿರುತ್ತದೆ.